ಹೆತ್ತದ್ದೆಷ್ಟು ಎಂದು ಕೇಳಿದ್ದರೆ

ಅಕ್ಟೋಬರ್ 14, ಮಂಗಳವಾರ

ಬೆಳಗಿನ ಜಾವ ನಾಲ್ಕು ಹತ್ತು. ಎಚ್ಚರವಾದದ್ದು ಒಂದು ಸದ್ದಿಗೆ: ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್. ಕಳ್ಳರಿಗೆ ಇಷ್ಟು ತಾಳ್ಮೆ ಇರುವುದಿಲ್ಲ ಅಂದುಕೊಂಡು ಎದ್ದು ಹೋದರೆ, ಅತ್ತೆ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು, ಟವೆಲಿನೊಳಗೆ ಅಕ್ರೋಟು ಸುತ್ತಿ ಸುತ್ತಿಗೆಯಿಂದ ಒಡೆಯುತ್ತಿದ್ದರು.

"ಅಪಾ, ಈ ಹೊತ್ತಲ್ಲಿ ಇದೇನು?"

"ನಿನ್ನ ನಿದ್ದೆ ಕೆಡಬಾರದು ಅಂತಲೇ ಟವೆಲ್ ಸುತ್ತಿದ್ದೀನಿ. ಹೋಗು, ಮಲ್ಕೋ."

"ಮಲಗಿದ್ದವಳನ್ನ ಎಬ್ಬಿಸಿದ್ದೇ ನೀವು."

"ನಾನೆಲ್ಲಿ ಎಬ್ಬಿಸಿದೆ? ಸುತ್ತಿಗೆ ಎಬ್ಬಿಸ್ತು. ಬಾಯಿ ತೆಗಿ." ಒಂದು ತುಂಡು ಬಾಯಿಗೆ ತುರುಕಿದರು.

ನಾಳೆ ನನ್ನ ರಕ್ತ ಪರೀಕ್ಷೆ. ಅದಕ್ಕೆಂದೇ ಅಪಾ ತಮ್ಮೂರು ಅತ್‌ಬಾಶಿಯಿಂದ ಬಿಷ್ಕೆಕ್‌ಗೆ ಏಳು ಗಂಟೆ ಕಾರಿನಲ್ಲಿ ಕೂತು ಬಂದಿದ್ದಾರೆ, ಜೊತೆಗೆ ಒಂದು ಮೂಟೆ ಅಕ್ರೋಟು, ಒಂದು ಡಬ್ಬ ಬೆಣ್ಣೆ, ಮತ್ತೆ ಬುರುಲ್. ನನ್ನ ಗಂಡ ಎರ್ಮೆಕ್ ಎರಡು ತಿಂಗಳ ಪಾಳಿಗೆ ಬೆಟ್ಟದ ಮೇಲಿನ ಗಣಿಗೆ ಹೋಗಿದ್ದಾನೆ, ಅವನ ಜಾಗದಲ್ಲಿ ಬುರುಲ್ ಅಡ್ಡಡ್ಡ ಮಲಗಿದ್ದಾಳೆ. ಅವಳ ಹಿಮ್ಮಡಿ ನನ್ನ ಪಕ್ಕೆಲುಬಿಗೆ.

ಐದು ವರ್ಷದ ಪುಟ್ಟ ನಾದಿನಿ. ಹೆತ್ತವಳು ನಾನೇ. ಚೊಚ್ಚಲು ಅಜ್ಜ ಅಜ್ಜಿಯ ಮಡಿಲಿಗೆ, ನಮ್ಮಲ್ಲಿ ಹಾಗೆ. ಹಾಲು ಬಿಡಿಸಿದ ವಾರ ಅಪಾ ಬಂದು ಕರೆದುಕೊಂಡು ಹೋದರು. ಹುಟ್ಟಿದ ಕಾಗದದಲ್ಲೂ ತಂದೆ ತಾಯಿ ಅಂತ ಅತ್ತೆ ಮಾವನ ಹೆಸರೇ. ಅವಳಿಗೆ ಎರ್ಮೆಕ್ ಅಣ್ಣ, ನಾನು ಅತ್ತಿಗೆ. ಅತ್ತೆಯನ್ನು ನಾನೂ ಅಪಾ ಅನ್ನುತ್ತೇನೆ, ಅವಳೂ ಅಪಾ ಅನ್ನುತ್ತಾಳೆ. ಅಮ್ಮ ಅಂತ. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೋ. ನಿದ್ದೆ ಬಾರದವಳ ಕೈ ಗೊತ್ತಿದ್ದದ್ದನ್ನೇ ಬರೆಯುತ್ತದೆ.

ಅಕ್ಟೋಬರ್ 15, ಬುಧವಾರ

ಮುಗಿಯಿತು. ಒಂದು ಸೀಸೆ ರಕ್ತ ಅಷ್ಟೇ. ಅದು ವಿಮಾನ ಹತ್ತಿ ಎಲ್ಲಿಗೋ ಹೋಗಿ, ಎರಡು ವಾರದಲ್ಲಿ ಉತ್ತರ ಬರುತ್ತದಂತೆ.

ಸೂಜಿಗಿಂತ ಮೊದಲು ನರ್ಸ್ ಒಂದು ಅರ್ಜಿ ತುಂಬಿಸಿಕೊಂಡಳು. ಅಪಾ ನನ್ನ ಪಕ್ಕದ ಕುರ್ಚಿಯಲ್ಲಿ, ಹೊಸ ರುಮಾಲು ಕಟ್ಟಿಕೊಂಡು, ಪರೀಕ್ಷೆ ತಮಗೇ ಅನ್ನುವ ಹಾಗೆ ನೆಟ್ಟಗೆ ಕೂತಿದ್ದರು.

"ವಯಸ್ಸು?"

"ಇಪ್ಪತ್ತೇಳು."

"ಎಷ್ಟನೇ ವಾರ?"

"ಹನ್ನೊಂದು."

"ಹಿಂದೆ ಗರ್ಭ ಹೋಗಿದ್ದುಂಟಾ?"

"ಒಂದು ಸಲ. ಎರಡು ವರ್ಷದ ಹಿಂದೆ. ನಾಲ್ಕನೇ ತಿಂಗಳು."

"ಮಕ್ಕಳು?"

ಬುರುಲ್ ಬಾಗಿಲ ಹತ್ತಿರ ಗೂಟಕ್ಕೆ ನೇತುಹಾಕಿದ್ದ ಕೋಟುಗಳನ್ನು ಎಣಿಸುತ್ತಿದ್ದಳು. "ಇಲ್ಲ" ಅಂದೆ. ಅತ್ತೆಯ ಎದುರು ಅವಳನ್ನು ನನ್ನ ಲೆಕ್ಕಕ್ಕೆ ಹಾಕಿಕೊಳ್ಳುವುದು ಹೇಗೆ? ಬಾಯಿ ತಾನಾಗಿ ಹಾಗೆ ಅಂದುಬಿಟ್ಟಿತು. ನರ್ಸ್ ಒಂದು ಸೊನ್ನೆ ಬರೆದಳು. ಅಪಾ ಚೀಲ ತೆಗೆದು, ಏನೂ ಹುಡುಕದೆ, ಮುಚ್ಚಿದರು.

"ಇಷ್ಟೇನಾ?" ರಕ್ತ ತೆಗೆದಾದ ಮೇಲೆ ಅಪಾ ನರ್ಸನ್ನು ಕೇಳಿದರು. "ನಮ್ಮೂರಲ್ಲಿ ಕುರಿಗೆ ಚುಚ್ಚೋವಾಗ ಇದಕ್ಕಿಂತ ಜಾಸ್ತಿ ಗಲಾಟೆ ಇರುತ್ತೆ."

ಬುರುಲ್ ಓಡಿ ಬಂದು ನನ್ನ ತೋಳಿನ ಪಟ್ಟಿಗೆ ಉಫ್ ಅಂತ ಊದಿದಳು. "ಅತ್ತಿಗೆ, ನೋವಾಯ್ತಾ?"

"ಇಲ್ಲ ಕಂದಾ."

"ಹನ್ನೆರಡು ಕೋಟು. ಒಂದಕ್ಕೆ ಗುಂಡಿ ಇಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ಅಪಾ ಪಿಸುಗುಟ್ಟಿದರು. "ರಕ್ತ ನಿಂದು. ಒಳಗಿರೋದರ ಸುದ್ದಿ ಅದು ಹೇಗೆ ಹೇಳುತ್ತೆ?"

ಎಂಟನೇ ಕ್ಲಾಸಿಗೆ ಜೀವಶಾಸ್ತ್ರ ಹೇಳುವವಳು ನಾನು, ಆ ಧಾಟಿಯಲ್ಲೇ ಹೇಳಿದೆ: ಮಗುವಿನ ಪುಟ್ಟ ಪುಟ್ಟ ಚೂರುಗಳು ನನ್ನ ರಕ್ತದಲ್ಲೂ ತೇಲುತ್ತಿರುತ್ತವೆ, ಯಂತ್ರ ಅದನ್ನು ಓದುತ್ತದೆ.

ಬಸ್ಸು ಎರಡು ನಿಲ್ದಾಣ ದಾಟಿತು. ಅಪಾ ತೊಡೆಯ ಮೇಲೆ ನಿದ್ದೆ ಹೋಗಿದ್ದ ಬುರುಲ್‌ಳ ಟೋಪಿ ಸರಿಮಾಡುತ್ತಾ, "ಹಾಗಾದ್ರೆ ಇವಳದೂ ನಿನ್ನೊಳಗೆ ಉಳ್ಕೊಂಡಿದೆಯಾ?" ಅಂದರು.

"ಇಲ್ಲ ಅಪಾ. ಹೆರಿಗೆ ಆಗಿ ಒಂದೆರಡು ದಿನಕ್ಕೆ ಆ ಚೂರೆಲ್ಲ ತೊಳೆದುಹೋಗುತ್ತೆ."

"ಹಾಂ," ಅಂದರು. "ಒಳ್ಳೇದು." ಆಮೇಲೆ ಚೀಲದಿಂದ ಒಣಮೊಸರಿನ ಉಂಡೆ ತೆಗೆದು ನನಗೆ ದೊಡ್ಡದನ್ನು ಕೊಟ್ಟರು.

ಅಕ್ಟೋಬರ್ 17, ಶುಕ್ರವಾರ

ಅವರಿಬ್ಬರೂ ಊರಿಗೆ ಹೊರಟರು. ಬಸುರಿನ ವಿಷಯ ಬಾಯಿ ಬಿಟ್ಟರೆ ಕಣ್ಣು ತಾಗುತ್ತದೆ ಅನ್ನುವುದು ಅಪಾ ಅವರ ಕಟ್ಟುನಿಟ್ಟು. ಮೆಟ್ಟಿಲ ಮೇಲೆ ಕೆಳಗಿನ ಮನೆಯ ರೋಜಾ ಅಡ್ಡಗಟ್ಟಿದಳು.

"ಸೊಸೆ ಯಾಕೆ ಹಳದಿ ಆಗಿದ್ದಾಳೆ?"

"ಹೊಟ್ಟೆ ಕೆಟ್ಟಿದೆ."

"ಸೆಪ್ಟೆಂಬರಲ್ಲೂ ಹಾಗೇ ಅಂದಿದ್ರಿ."

"ಅವಳ ಹೊಟ್ಟೆ ಸ್ವಲ್ಪ ನಿಧಾನ."

ಕಾರು ತಿರುವು ದಾಟುವವರೆಗೂ ಬುರುಲ್ ಹಿಂದಿನ ಗಾಜಿಗೆ ಮೂಗು ಒತ್ತಿ ಹಿಡಿದಿದ್ದಳು. ಮನೆಗೆ ಬಂದು ಹಾಸಿಗೆ ಕೊಡವಿದೆ. ಅಕ್ರೋಟಿನ ಸಿಪ್ಪೆ.

ಅಕ್ಟೋಬರ್ 24

ನಿದ್ದೆ ಇಲ್ಲ. ಫೋನ್ ನೋಡುತ್ತೇನೆ, ಇಡುತ್ತೇನೆ.

ಅಕ್ಟೋಬರ್ 30, ಗುರುವಾರ

ಉತ್ತರ ಬಂತು. ಡಾಕ್ಟರ್ ನೆಲ್ಯಾ ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು, ಇಲ್ಲದಿದ್ದರೆ ತಲೆಯೊಳಗೆ ಅದು ಬೆಳೆಯುತ್ತಾ ಹೋಗುತ್ತದೆ.

"ಭಯಪಡೋ ದೊಡ್ಡ ವಿಷಯಗಳು ಯಾವುದೂ ಇಲ್ಲ, ಬರ್ಮೆತ್. ಆದ್ರೆ ಹದಿನಾರನೇ ಕ್ರೋಮೊಸೋಮಲ್ಲಿ ಒಂದು ಸಣ್ಣ ತುಂಡು ಎರಡು ಸಲ ಇದೆ. ಈ ರಕ್ತದಲ್ಲಿ ಹತ್ತು ಪಾಲಿಗೆ ಒಂಬತ್ತು ನಿಮ್ಮದು, ಒಂದು ಮಗುವಿನದು. ಗುರುತು ಇಷ್ಟು ಗಾಢವಾಗಿ ಬಿದ್ದಿದೆ ಅಂದ್ರೆ ತುಂಡು ನಿಮ್ಮದೇ. ಮಗುವಿಗೂ ಬಂದಿದೆಯೋ ಇಲ್ಲವೋ ಹೇಳೋಕಾಗಲ್ಲ."

"ನಾನು ಚೆನ್ನಾಗೇ ಇದ್ದೀನಲ್ಲ?"

"ಇದ್ದೀರಿ. ನಿಮ್ಮಲ್ಲಿ ಅದು ತೆಪ್ಪಗಿದೆ. ಕೆಲವರಲ್ಲಿ ತೆಪ್ಪಗಿರಲ್ಲ. ಹಿಂದಿನ ಮಗು ಹೋದದ್ದೂ ಇದರಿಂದಲೋ ಏನೋ, ಗೊತ್ತಿಲ್ಲ. ಒಬ್ಬರನ್ನೇ ನೋಡಿ ಧೈರ್ಯ ಹೇಳೋಕಾಗಲ್ಲ. ನಿಮ್ಮ ತಂದೆ ತಾಯಿ ರಕ್ತ ಸಿಗುತ್ತಾ?"

"ಅಪ್ಪ ಮೊದಲೇ ಹೋದ್ರು, ಅಮ್ಮ ಹೋಗಿ ಒಂಬತ್ತು ವರ್ಷ. ನಾನು ಒಬ್ಬಳೇ ಮಗಳು."

"ಹಾಗಾದ್ರೆ ಹದಿನಾರನೇ ವಾರ ದಾಟಿದ ಮೇಲೆ ಹೊಟ್ಟೆಗೆ ಸೂಜಿ ಹಾಕಿ ಮಗುವಿನ ಸುತ್ತಲಿನ ನೀರು ತೆಗೀಬೇಕು. ಐನೂರರಲ್ಲಿ ಒಬ್ಬರಿಗೆ ಅದರಿಂದ ಗರ್ಭ ನಿಲ್ಲದೇ ಹೋಗಬಹುದು." ನನ್ನ ಅರ್ಜಿ ತಿರುವಿದರು. "ದೊಡ್ಡ ಮಗು ಒಂದಿದ್ದು, ಅದಕ್ಕೂ ಇದೇ ತುಂಡಿದ್ದು, ಗಟ್ಟಿಮುಟ್ಟಾಗಿ ಓಡಾಡ್ಕೊಂಡಿದ್ದಿದ್ರೆ ನಾನು ಸೂಜಿ ಮುಟ್ತಾನೇ ಇರ್ಲಿಲ್ಲ. ಆದ್ರೆ ನಿಮಗೆ ಮಕ್ಕಳಿಲ್ಲವಲ್ಲ."

ಅಲ್ಲಿ ಅಪಾ ಇರಲಿಲ್ಲ. ಬುರುಲ್ ಇರಲಿಲ್ಲ. ಹೇಳಬಹುದಿತ್ತು. ಕೊಟ್ಟದ್ದನ್ನು ಬೆನ್ನ ಹಿಂದೆ ಕೈ ಹಾಕಿ ಎತ್ತಿಕೊಂಡ ಹಾಗೆ ಅನಿಸಿ, "ಹೌದು" ಅಂದು ಕೋಟು ಹಾಕಿಕೊಂಡೆ.

ನವೆಂಬರ್ 24, ಬೆಳಿಗ್ಗೆ ಒಂಬತ್ತಕ್ಕೆ ಸೂಜಿ.

ಅಕ್ಟೋಬರ್ 31

ಐನೂರರಲ್ಲಿ ಒಬ್ಬಳು. ನಮ್ಮ ಶಾಲೆಯಲ್ಲಿ ಐನೂರ ಹತ್ತು ಮಕ್ಕಳಿದ್ದಾರೆ. ಬೆಳಿಗ್ಗೆ ಸಾಲು ನಿಂತಾಗ ಒಂದೊಂದೇ ಮುಖ ನೋಡುತ್ತಾ ನಿಂತುಬಿಟ್ಟೆ.

ಎರ್ಮೆಕ್‌ಗೆ ಫೋನಿನಲ್ಲಿ ಎಲ್ಲ ಹೇಳಿದೆ. ಬೆಟ್ಟದ ಮೇಲೆ ಗಾಳಿ, ಅರ್ಧ ಮಾತು ಹಾರಿಹೋಗುತ್ತಿತ್ತು. "ಬುರುಲ್ ರಕ್ತ ಕೊಟ್ಟರೆ ಸಾಕಾ? ಹಾಗಾದ್ರೆ ಅಮ್ಮನ್ನ ಕೇಳು" ಅಂದ.

"ನೀನೇ ಕೇಳು. ನಿಮ್ಮಮ್ಮ."

"ನನಗೆ ಭಯ ಆಗುತ್ತೆ, ಬರ್ಮೆತ್."

ಐವತ್ತು ಟನ್ನಿನ ಲಾರಿ ಓಡಿಸುವವನು. ನಗು ಬಂತು. ನಕ್ಕೆ ಕೂಡ.

ನವೆಂಬರ್ 6, ಗುರುವಾರ, ಅತ್‌ಬಾಶಿ

ಶಾಲೆಗೆ ರಜೆ. ದೊಲೋನ್ ಕಣಿವೆಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡು ಊರಿಗೆ ಬಂದೆ, ಕೇಳಿಯೇಬಿಡಬೇಕು ಅಂತ. ಬಂದು ಎರಡು ದಿನ. ಕೇಳಿಲ್ಲ. ಅಪಾ ನನ್ನನ್ನು ನೀರಿನ ಬಕೆಟ್ ಮುಟ್ಟಲು ಬಿಡುವುದಿಲ್ಲ. ದಿನವೆಲ್ಲ ಒಲೆಯ ಪಕ್ಕ ಕೂತು ಬುರುಲ್‌ಳನ್ನು ನೋಡುತ್ತೇನೆ.

ನೋಡುವುದಲ್ಲ, ಪರೀಕ್ಷೆ ಮಾಡುತ್ತೇನೆ. ಹದಿನಾರನೇ ಕ್ರೋಮೊಸೋಮಿನ ಆ ತುಂಡು ಇವಳೊಳಗೂ ಇದೆಯೇ? ಇದ್ದರೆ ಎಲ್ಲಿ ಕಾಣುತ್ತದೆ? ಎಡ ಬೂಟು ಬಲಗಾಲಿಗೆ ಹಾಕಿಕೊಂಡಳು, ನಾನು ಅರ್ಧ ಎದ್ದೇಬಿಟ್ಟೆ. ಆಮೇಲೆ ನೋಡಿದರೆ ನನ್ನನ್ನು ನಗಿಸಲು.

"ಅತ್ತಿಗೆ, ನೀನ್ಯಾಕೆ ನನ್ನ ಹಂಗೆ ನೋಡ್ತೀಯ?"

"ಹೆಂಗೆ?"

"ಕುರಿ ಕೊಳ್ಳೋಕೆ ಬಂದವರ ಥರ."

ಅಪಾ ಒಲೆಯ ಹತ್ತಿರ ಬಿದ್ದು ಬಿದ್ದು ನಕ್ಕರು. ಇವಳ ನಾಲಿಗೆಗೆ ಯಾವ ತುಂಡೂ ಕಡಿಮೆ ಬಿದ್ದಿಲ್ಲ, ಹೆಚ್ಚೇ ಬಿದ್ದಿರಬೇಕು.

ನವೆಂಬರ್ 8, ಶನಿವಾರ, ಅತ್‌ಬಾಶಿ

ಬುರುಲ್‌ಗೆ ನೆಗಡಿ. ಮಧ್ಯಾಹ್ನ ನನ್ನ ಪಕ್ಕ ಬಂದು ಮಲಗಿದಳು. ಬಲಗಿವಿಯ ಹಿಂದೆ ಒಂದು ಮಚ್ಚೆ ಇದೆ. ಅದನ್ನು ಹೇಗೆ ಮರೆತಿದ್ದೆ? ಹನ್ನೊಂದು ತಿಂಗಳು ದಿನಾ ಸ್ನಾನ ಮಾಡಿಸುವಾಗ ನೋಡಿದ ಮಚ್ಚೆ. ಆಮೇಲಿನ ನಾಲ್ಕು ವರ್ಷ ನಾನು ಅವಳನ್ನು ಎತ್ತಿಕೊಂಡದ್ದು ಅತಿಥಿಗಳ ಮಗುವನ್ನು ಎತ್ತಿಕೊಳ್ಳುವ ಹಾಗೆ, ಸ್ವಲ್ಪ ದೂರ ಹಿಡಿದು.

ಸಂಜೆ ಅಪಾ ಬಂದು ಅವಳ ಮೂಗು ಒರೆಸಿ ಎತ್ತಿಕೊಂಡು ಹೋದರು. ಅವಳು ಅರೆನಿದ್ದೆಯಲ್ಲಿ ಅವರ ಕುತ್ತಿಗೆಗೆ ಎರಡು ಕೈ ಹಾಕಿ "ಅಪಾ, ನಿನ್ನ ರುಮಾಲು ಹೊಗೆ ಹೊಗೆ" ಅಂದಳು. ಅಪಾ ರುಮಾಲು ಬಿಚ್ಚಿ ಎಸೆದು, ಬರಿತಲೆಯಲ್ಲಿ ಅವಳನ್ನು ತೂಗುತ್ತಾ ಅಂಗಳದುದ್ದಕ್ಕೂ ನಡೆದರು. ಮಾವನ ಎದುರೂ ರುಮಾಲು ತೆಗೆಯದ ಹೆಂಗಸು.

ಕೇಳಲಾಗಲಿಲ್ಲ. ನಾಳೆ ಹೊರಡುತ್ತೇನೆ.

ನವೆಂಬರ್ 13, ಗುರುವಾರ

ಡಾಕ್ಟರಿಗೆ ಹೇಳಿದೆ. ಬಾಗಿಲು ಹಾಕಿ, ಕೂರುವುದಕ್ಕೂ ಮೊದಲೇ: "ನನಗೊಬ್ಬಳು ಮಗಳಿದ್ದಾಳೆ. ಐದು ವರ್ಷ. ನಮ್ಮತ್ತೆ ಹತ್ತಿರ ಬೆಳೀತಿದ್ದಾಳೆ."

ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಚೊಚ್ಚಲು?"

"ಹೂಂ."

"ಎಷ್ಟು ಮಕ್ಕಳು ಅಂತ ಕೇಳೋ ಅರ್ಜಿ ಯಾರು ಬರೆದರೋ! ಇಲ್ಲಿ ಎಷ್ಟು ಹೆತ್ತಿದ್ದೀರಿ ಅಂತ ಕೇಳ್ಬೇಕು." ನರ್ಸನ್ನು ಕರೆದು ಆ ಸೊನ್ನೆ ಹೊಡೆದುಹಾಕಿಸಿ ಒಂದು ಬರೆಸಿದರು. ನೀಲಿ ಶಾಯಿಯಲ್ಲಿ ಒಂದು ಗೀಟು. ನಾನು ಅದನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದೆ.

"ಮಗು ಹೇಗಿದ್ದಾಳೆ?"

ಹೇಗಿದ್ದಾಳೆ ಅಂದರೆ! ಹೇಳಲು ಶುರುಮಾಡಿದವಳು ನಿಲ್ಲಿಸಲಿಲ್ಲ. ಕೋಟು ಎಣಿಸಿದ್ದು, ಗುಂಡಿ ಇಲ್ಲದ್ದು, ಬೂಟು, ಕುರಿ ಕೊಳ್ಳೋಕೆ ಬಂದವರು. ಡಾಕ್ಟರ್ ಗಡಿಯಾರ ನೋಡಿದರು, ತಡೆಯಲಿಲ್ಲ.

ಆಗಬೇಕಾದ್ದು ಇಷ್ಟು: ಬುರುಲ್‌ಳ ಒಂದು ಸೀಸೆ ರಕ್ತ, ಹತ್ತು ದಿನ. ಅವಳಲ್ಲೂ ಆ ತುಂಡಿದ್ದರೆ ಸೂಜಿ ಬೇಡ. ಇಲ್ಲದಿದ್ದರೆ ಆಮೇಲೂ ಸೂಜಿಗೆ ಕಾಲ ಇದೆ. ಆದರೆ ಕಾನೂನಿನ ಪ್ರಕಾರ ಅವಳ ತಾಯಿ ಅಪಾ. ಅವರು ಬಂದು ಸಹಿ ಹಾಕಬೇಕು. ಅದೇ ಹಾಳೆಯಲ್ಲಿ, ಅವರ ಹೆಸರಿನ ಕೆಳಗೆ, ಹೆತ್ತ ತಾಯಿ ಅನ್ನುವ ಸಾಲಿನಲ್ಲಿ ನನ್ನ ಹೆಸರು ಇರಬೇಕು.

ನವೆಂಬರ್ 15, ಶನಿವಾರ

ಕೇಳಿದೆ. ಫೋನಿನಲ್ಲಿ. ಎದುರಿಗೆ ಬಾರದ ಧೈರ್ಯ ದೂರದಿಂದ ಬಂತು. ಮಗುವಿನ ವಿಷಯ, ತುಂಡಿನ ವಿಷಯ, ಸೂಜಿ, ಎಲ್ಲ ಹೇಳಿದೆ. ಅಪಾ ಎಲ್ಲಕ್ಕೂ "ಹಾಂ, ಹಾಂ" ಅಂದರು. ಸಹಿಯ ಹಾಳೆಯ ಹತ್ತಿರ ಬಂದಾಗ "ಹಾಂ" ನಿಂತಿತು.

"ಅದರಲ್ಲಿ ನಿನ್ನ ಹೆಸರು ಯಾಕೆ?"

"ಹೆತ್ತವಳು ಯಾರು ಅಂತ ಯಂತ್ರಕ್ಕೆ ಗೊತ್ತಾಗಬೇಕು, ಅಪಾ."

"ಯಂತ್ರಕ್ಕಾ, ಬುರುಲ್‌ಗಾ?"

"ಬುರುಲ್‌ಗೆ ಯಾರೂ ಹೇಳಲ್ಲ."

"ಕಾಗದ ಹೇಳುತ್ತೆ. ಕಾಗದ ಸಾಯಲ್ಲ, ನಾನು ಸಾಯ್ತೀನಿ. ಇವತ್ತು ಒಂದು ಸೀಸೆ ರಕ್ತ, ನಾಳೆ ಮಗೂನೇ." ಸ್ವಲ್ಪ ಹೊತ್ತು ಉಸಿರಾಟ ಮಾತ್ರ ಕೇಳಿಸಿತು. ಆಮೇಲೆ, ನಾನು ಯಾವತ್ತೂ ಕೇಳಿರದ ಸಣ್ಣ ದನಿಯಲ್ಲಿ: "ನನ್ನ ಚೊಚ್ಚಲನ್ನ ನಮ್ಮತ್ತೆ ತಗೊಂಡ್ರು. ಕುಬಾತ್. ಗೊತ್ತಲ್ಲ ನಿನಗೆ, ದೊಡ್ಡೋನು. ಇವತ್ತಿಗೂ ನನ್ನನ್ನ ಅತ್ತಿಗೆ ಅಂತಾನೆ, ಐವತ್ತರ ಹತ್ತಿರ ಬಂದಿದ್ದಾನೆ. ನಾನು ಒಂದು ಮಾತು ಆಡ್ಲಿಲ್ಲ. ನನ್ನ ಸರದಿ ಬರಲಿ ಅಂತ ಕಾದೆ, ಬರ್ಮೆತ್. ಬಂತು. ಈಗ ನೀನು ಸಾಲು ಮುರೀತಿದ್ದೀಯ."

ಫೋನ್ ಇಟ್ಟರು.

ಕುಬಾತ್ ಅಪಾ ಹೆತ್ತ ಮಗ, ಅಂದರೆ ನನಗೆ ಭಾವ! ಆರು ವರ್ಷ ಆ ಮನೆಯ ಸೊಸೆ ನಾನು, ಅವರನ್ನು ಮಾವನ ತಮ್ಮ ಅಂದುಕೊಂಡೇ ಚಹಾ ಬಗ್ಗಿಸಿದ್ದೇನೆ. ಅಪಾ ಅವರಿಗೆ ಬಡಿಸುವಾಗ ಯಾವಾಗಲೂ ಎಲ್ಲರಿಗಿಂತ ಕೊನೆಗೆ ಬಡಿಸುತ್ತಾರೆ, ಎಲ್ಲರಿಗಿಂತ ಹೆಚ್ಚು.

ನವೆಂಬರ್ 18

ಅಪಾ ಫೋನ್ ಎತ್ತುತ್ತಿಲ್ಲ. ಅತಾ, ಅಂದರೆ ಮಾವ, ಎತ್ತಿದರು. "ಕೊಟ್ಟಿಗೇಲಿದ್ದಾಳೆ."

"ಬೆಳಿಗ್ಗೆಯೂ ಕೊಟ್ಟಿಗೆ ಅಂದ್ರಿ, ಅತಾ."

"ಮೂರು ದಿನದಿಂದ ಕೊಟ್ಟಿಗೇನೇ. ಹಸುಗಳಿಗೂ ಬೇಜಾರಾಗಿದೆ." ಆಮೇಲೆ ದನಿ ಇಳಿಸಿ, "ನಿನ್ನ ಊಟ ಆಯ್ತಾ ಅಂತ ಕೇಳು ಅಂತಾಳೆ, ತಾನು ಕೇಳಿದ್ದು ಅಂತ ಹೇಳ್ಬೇಡ ಅಂತಾಳೆ."

ಆಯಿತು ಅಂದೆ. ಆಗಿರಲಿಲ್ಲ. ಫೋನ್ ಇಟ್ಟ ಮೇಲೆ ಹಿಟ್ಟು ಕಲಸಿ ಮಾಡಿಕೊಂಡು ಉಂಡೆ, ಸುಳ್ಳಾಗಬಾರದು ಅಂತ.

ನವೆಂಬರ್ 21, ಶುಕ್ರವಾರ

ನಿನ್ನೆ ಎಂಟು ಗಂಟೆ ನಿದ್ದೆ ಮಾಡಿದೆ. ಯಾಕೆಂದು ಗೊತ್ತಿಲ್ಲ. ಪಾಠದ ಮಧ್ಯೆ ಒಬ್ಬ ಹುಡುಗಿ, "ಮಿಸ್, ನಿಮಗೆ ಮಕ್ಕಳಿದ್ದಾರಾ?" ಅಂದಳು. ಕಪ್ಪು ಹಲಗೆಯ ಕಡೆ ತಿರುಗಿಕೊಂಡೇ "ಒಬ್ಬಳಿದ್ದಾಳೆ, ಇನ್ನೊಂದು ಬರ್ತಾ ಇದೆ" ಅಂದೆ. ಕಣ್ಣು ತಾಗುತ್ತದೆ ಅಂತ ಆಮೇಲೆ ನೆನಪಾಯಿತು. ತಾಗಲಿ ಬಿಡು.

ನವೆಂಬರ್ 23, ಭಾನುವಾರ, ಸಂಜೆ ಏಳು

ಅಪಾ, ಈ ಪುಟ ನಿಮಗೆ. ಫೋಟೊ ತೆಗೆದು ಅತಾ ಫೋನಿಗೆ ಕಳಿಸ್ತೀನಿ. ಅವರು ಕನ್ನಡಕ ಹುಡುಕಿ ಓದಿ ಹೇಳಲಿ. ಕೊಟ್ಟಿಗೆಯಲ್ಲೇ ಕೂತು ಕೇಳಿ, ಪರವಾಗಿಲ್ಲ.

ನೀವು ಹೇಳಿದ್ದನ್ನ ಎಂಟು ದಿನದಿಂದ ಯೋಚನೆ ಮಾಡ್ತಿದ್ದೀನಿ. ನಾನು ಬುರುಲ್‌ಳನ್ನ ವಾಪಸು ಕೇಳಲ್ಲ. ಇದನ್ನ ಒಳ್ಳೆಯವಳಾಗೋಕೆ ಹೇಳ್ತಿಲ್ಲ. ನೀವು ಅವತ್ತು ರುಮಾಲು ಬಿಚ್ಚಿ ಎಸೆದು ಅವಳನ್ನ ಎತ್ಕೊಂಡು ನಡೆದದ್ದನ್ನ ನಾನು ಒಲೆ ಪಕ್ಕದಿಂದ ನೋಡಿದೆ. ಆ ಕುತ್ತಿಗೆಯಿಂದ ಆ ಕೈಗಳನ್ನ ಯಾರು ಬಿಡಿಸ್ತಾರೆ? ನನ್ನ ಕೈಲಾಗಲ್ಲ. ಅವಳು ನನ್ನನ್ನ ಜೀವನಪೂರ್ತಿ ಅತ್ತಿಗೆ ಅನ್ನಲಿ.

ಆದ್ರೆ ಅಪಾ, ಅವಳು ನನ್ನ ಮಗಳು. ನಿಮ್ಮ ಪಕ್ಕ ಕೂತು ಇಲ್ಲ ಅಂದೆನಲ್ಲ, ಅವತ್ತು ನೀವು ಚೀಲ ತೆಗೆದು ಮುಚ್ಚಿದ್ರಿ. ನಿಮಗೂ ಅದು ಸರಿ ಅನಿಸಲಿಲ್ಲ ಅಂತ ನನಗೆ ಈಗ ಗೊತ್ತಾಗ್ತಿದೆ. ನಲವತ್ತೆಂಟು ವರ್ಷ ನಿಮ್ಮನ್ನ ಯಾರೂ ಎಷ್ಟು ಹೆತ್ತಿರಿ ಅಂತ ಕೇಳಲಿಲ್ಲ. ನಾನು ಕೇಳ್ತಿದ್ದೀನಿ. ಕುಬಾತ್ ಭಾವನ್ನ ಸೇರಿಸಿ ಹೇಳಿ. ನಾನು ಯಾರಿಗೂ ಹೇಳಲ್ಲ, ನನ್ನ ಹತ್ತಿರ ಹೇಳಿ.

ಆ ಹಾಳೆಯಲ್ಲಿ ನಿಮ್ಮ ಹೆಸರು ಮೇಲೆ, ನನ್ನದು ಕೆಳಗೆ. ಡಾಕ್ಟರು ಅದನ್ನ ಬೀರುವಿನಲ್ಲಿಟ್ಟು ಬೀಗ ಹಾಕ್ತಾರೆ. ನನಗೆ ಬೇಕಾಗಿರೋದು ಒಂದೇ, ಒಳಗಿರೋದಕ್ಕೆ ಆ ಸೂಜಿ ತಾಗದೇ ಇರೋದು. ಇದೂ ಹೋದ್ರೆ ನನಗೆ ತಡ್ಕೊಳ್ಳೋಕಾಗಲ್ಲ. ಹೋದ ಸಲ ನೀವು ನನ್ನ ತಲೆ ತೊಡೆ ಮೇಲೆ ಇಟ್ಕೊಂಡು ಮೂರು ದಿನ ಕೂತಿದ್ರಿ, ನಿಮಗೆ ಗೊತ್ತು.

ನಾಳೆ ಒಂಬತ್ತಕ್ಕೆ ನಾನು ಆ ಮಂಚದ ಮೇಲೆ ಮಲಗಿರಬೇಕು. ಎರ್ಮೆಕ್ ಬೆಟ್ಟದ ಮೇಲಿದ್ದಾನೆ, ನಾನೊಬ್ಬಳೇ. ನೀವು ಹೂಂ ಅಂದ್ರೆ ಎಂಟು ಗಂಟೆಗೆ ಡಾಕ್ಟರಿಗೆ ಹೇಳಿ ನಿಲ್ಲಿಸ್ತೀನಿ, ಅವರು ಒಪ್ಪಿದ್ದಾರೆ. ನೀವು ಈ ವಾರ ಯಾವತ್ತು ಬಂದ್ರೂ ಸಾಕು. ಊಹೂಂ ಅಂದ್ರೂ ನಾನು ಸಿಟ್ಟಾಗಲ್ಲ. ಊಹೂಂ ಅನ್ನೋಕಾದ್ರೂ ಮಾಡಿ. ಬೈಯೋಕಾದ್ರೂ ಮಾಡಿ. ಮಾತಾಡೋಕೆ ಮನಸ್ಸಿಲ್ಲದಿದ್ರೆ ಬುರುಲ್ ಕೈಗೆ ಫೋನ್ ಕೊಟ್ಟು ನೀವು ಪಕ್ಕದಲ್ಲಿ ಉಸಿರಾಡಿ, ನನಗೆ ತಿಳಿಯುತ್ತೆ. ಎಷ್ಟು ಹೊತ್ತಾದ್ರೂ ಎದ್ದಿರ್ತೀನಿ. ಬೆಳಗಾಗೋದರೊಳಗೆ ಒಂದು ಸಲ ಫೋನ್ ಮಾಡಿ, ಅಪಾ. ಒಂದೇ ಒಂದು ಸಲ.